ಎದೆನೋವಿಗೆ ಸೋಡಾ ಮದ್ದಲ್ಲ

ದಿನಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುವ ಹೃದಯಕ್ಕೂ ತನ್ನದೇ ರಕ್ತನಾಳಗಳಿವೆ. ಕೊಬ್ಬು ಸೇರಿ ಕಿರಿದಾದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯದ ಸ್ನಾಯು ಸಾಯತೊಡಗುತ್ತದೆ. ಶಿಡ್ಲಘಟ್ಟದ ರೇಷ್ಮೆ ರೀಲರ್ ಆಗಲಿ, ಚಿಂತಾಮಣಿಯ ಮಂಡಿ ವ್ಯಾಪಾರಿಯಾಗಲಿ, ಎದೆ ಬಿಗಿದು ಬೆವರಿದಾಗ ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗುವುದು ಆತ್ಮಘಾತಕ. ಬೆಂಗಳೂರಿನ ಜಯದೇವಕ್ಕೇ ಹೋಗಬೇಕೆಂದು ವಾಹನ ಹುಡುಕುತ್ತಾ ಗಂಟೆಗಳನ್ನು ಕಳೆಯುವುದೂ ಅಪಾಯಕಾರಿಯೇ. 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಬೇಕು.

ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲೆಂದು ರಾಜ್ಯ ಸರಕಾರ ರೂಪಿಸಿದ್ದೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಆದರೆ ಯೋಜನೆಯ ಹೆಸರು ಜೀವ ಉಳಿಸದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸರಕಾರಿ ಆಸ್ಪತ್ರೆಗಳಲ್ಲಿ ನಡುರಾತ್ರಿಯಲ್ಲೂ ವೈದ್ಯರು, ಇಸಿಜಿ, ಈ ಮದ್ದು ಸಿದ್ಧವಿವೆಯೇ? ಮತ ಕೇಳಲು ಬರುವವರನ್ನು ಕೇಳಬೇಕಾದ ಪ್ರಶ್ನೆಯಿದು.