ತದಡಿಯ ಹಡಗುಗಳೂ ವರ್ಸೇಲ್ಸಿನ ಬೊಕ್ಕಸವೂ

ಇತಿಹಾಸವೆಂದೊಡನೆ ನಮ್ಮಲ್ಲಿ ಬಹುಜನರ ಕಣ್ಣಮುಂದೆ ನಿಲ್ಲುವುದು ಕೋಟೆಕೊತ್ತಲಗಳು, ಕತ್ತಿ ಹಿರಿದ ವೀರರು, ಸಂಧಿವಿಗ್ರಹಗಳು. ಇವೆಲ್ಲದರ ಹಿಂದೆ ಲೆಕ್ಕಣಿಕೆ ಹಿಡಿದು ಕುಳಿತ ಕರಣಿಕನ ಕಡೆಗೆ ನಮ್ಮ ದೃಷ್ಟಿ ಹೊರಳುವುದು ಅಪೂರ್ವ. ಭಟ್ಕಳ, ಹೊನ್ನಾವರ, ಕುಮಟೆಗಳ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರೆಂದು ಹೆಮ್ಮೆಯಿಂದ ಹೇಳಿ ಕರಾವಳಿಯ ಕಥೆಯನ್ನು ಅಲ್ಲಿಗೇ ಮುಗಿಸುವುದು ರೂಢಿಯಾಗಿದೆ. ಆ ಹೆಸರಿನಲ್ಲಿ ರಾಣಿಗೆ ಸಂದ ಗೌರವ ಮೆಣಸಿಗೆ ಸಂದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಐರೋಪ್ಯ ಅರಸೊತ್ತಿಗೆಗಳು ಏಳುಬೀಳುಗಳನ್ನು ಕಂಡುದು ಯಾವ ಲೆಕ್ಕದ ಮೇಲೋ, ನಮ್ಮ ಈ ಮೂರು ಊರುಗಳ ಭಾಗ್ಯವೂ ಅದೇ ಲೆಕ್ಕದ ಪುಟದಲ್ಲಿತ್ತು ಎಂಬುದನ್ನು ಇಂದು ಓದುಗರ ಮುಂದಿಡಬೇಕೆಂದು ನಮಗೆ ತೋರಿದೆ.

ಸ್ವಲ್ಪ ಹಿಂದಿನಿಂದಲೇ ತೊಡಗೋಣ. 1637ರಲ್ಲಿ ವೆಡೆಲ್ ಎಂಬ ನಾವಿಕನ ಮುಂದಾಳುತನದಲ್ಲಿ ಆಂಗ್ಲ ಹಡಗುಗಳು ಭಟ್ಕಳಕ್ಕೆ ಬಂದು, ಕೆಳದಿಯ ವೀರಭದ್ರನಾಯಕನಿಂದ ಅಲ್ಲಿ ಕೋಠಿಯನ್ನು ತೆರೆಯಲು ಅನುಮತಿ ಪಡೆದುವು. ಈ ಹಡಗುಗಳು ಈಸ್ಟ್ ಇಂಡಿಯಾ ಕಂಪನಿಯವಲ್ಲ. ಕೋರ್ಟೀನ್ ಎಂಬ ಧನಿಕನ ಕೂಟಕ್ಕೆ ಸೇರಿದವು. ಪೂರ್ವದೇಶಗಳ ವ್ಯಾಪಾರವೆಲ್ಲ ಕಂಪನಿಗೆ ಮಾತ್ರವೆಂದು ಇಂಗ್ಲೆಂಡಿನ ಸಿಂಹಾಸನ ಮಾತು ಕೊಟ್ಟಿತ್ತು. ಆದರೆ ಪಾರ್ಲಿಮೆಂಟನ್ನು ಕರೆಯದೆಯೇ ಆಳಹೊರಟಿದ್ದ ಒಂದನೆಯ ಚಾರ್ಲ್ಸ್ ದೊರೆಗೆ ಹಣದ ಅಡಚಣೆ. ಆದಕಾರಣ ಕೊಟ್ಟ ಮಾತನ್ನು ಮುರಿದು ಈ ಎರಡನೆಯ ಕೂಟಕ್ಕೂ ಅಭಯಪತ್ರ ಬರೆದುಕೊಟ್ಟನು. ತಾನೂ ಅದರಲ್ಲಿ ಪಾಲುಗಾರನಾದನು. ಭಟ್ಕಳದ ಆ ಕೋಠಿ ಬಹುಕಾಲ ಬಾಳಲಿಲ್ಲ. ಬಾಳಲಿಲ್ಲವೆಂಬುದು ಮುಖ್ಯವಲ್ಲ. ದೊರೆಯ ಮಾತಿಗೆ ಬೆಲೆಯಿಲ್ಲವೆಂಬುದನ್ನು ಲಂಡನ್ನಿನ ವರ್ತಕರು ಕಲಿತ ಪಾಠಗಳಲ್ಲಿ ನಮ್ಮ ಭಟ್ಕಳದ ಮೆಣಸಿನದೂ ಒಂದು. ಆ ದೊರೆ 1649ರಲ್ಲಿ ತಲೆಗೊಟ್ಟನು. 1688ರ ಕ್ರಾಂತಿಯಾದ ಮೇಲೆ ರಾಜ್ಯದ ಸಾಲಕ್ಕೆ ಹೊಣೆ ದೊರೆಯದಲ್ಲ, ಪಾರ್ಲಿಮೆಂಟಿನದು ಎಂದಾಯಿತು. 1694ರಲ್ಲಿ ಇಂಗ್ಲೆಂಡಿನ ಬ್ಯಾಂಕು ಹುಟ್ಟಿತು. ಸಾಲ ಕೊಡುವವನು ಸಾಲಗಾರನನ್ನು ನಂಬಿದರೆ ಬಡ್ಡಿ ಇಳಿಯುತ್ತದೆ. ಇದು ನಮ್ಮ ಹಳ್ಳಿಯ ಪತ್ತಿನ ಸಂಘದವನಿಗೂ ತಿಳಿದ ಸಂಗತಿ.

ಫ್ರಾನ್ಸಿನ ಕಥೆ ಬೇರೆ. ಹದಿನಾಲ್ಕನೆಯ ಲೂಯಿ 1715ರಲ್ಲಿ ಕಣ್ಮುಚ್ಚಿದಾಗ ಬಿಟ್ಟುಹೋದುದು ವರ್ಸೇಲ್ಸಿನ ಅರಮನೆಯನ್ನಷ್ಟೇ ಅಲ್ಲ, ಹೊರಲಾರದ ಸಾಲವನ್ನೂ ಕೂಡ. ಅದನ್ನು ತೀರಿಸುವ ಉಪಾಯ ತನ್ನಲ್ಲಿದೆಯೆಂದು ಮುಂದೆ ಬಂದವನು ಜಾನ್ ಲಾ ಎಂಬ ಸ್ಕಾಟ್ಲೆಂಡಿನವನು. ಲೆಕ್ಕದಲ್ಲಿ ನಿಪುಣ, ಜೂಜಿನಲ್ಲಿ ಅದಕ್ಕಿಂತ ನಿಪುಣ. ಅವನು ಕಾಗದದ ಹಣ ಹೊರಡಿಸಿ, ಪರದೇಶ ವ್ಯಾಪಾರದ ಕಂಪನಿಗಳನ್ನೆಲ್ಲ 1719ರಲ್ಲಿ ಒಂದುಗೂಡಿಸಿ, ಅದರ ಪಾಲುಪತ್ರಗಳಿಗೆ ಪ್ಯಾರಿಸಿನ ಜನ ಮುಗಿಬೀಳುವಂತೆ ಮಾಡಿದನು. 1720ರಲ್ಲಿ ಗುಳ್ಳೆ ಒಡೆಯಿತು, ಮಂದಿ ಬೀದಿಪಾಲಾದರು. ಕಂಪನಿಯೇನೋ ಉಳಿಯಿತು. ಉಳಿದ ಕಂಪನಿ ಮರುವರ್ಷವೇ ನಮ್ಮ ಪಶ್ಚಿಮ ತೀರದ ಮಾಹೆಯಲ್ಲಿ ಮೆಣಸಿಗಾಗಿ ಕಾಲೂರಿತು.

ಆಸ್ಟ್ರಿಯದ ಮಹಾರಾಣಿ ಮಾರಿಯಾ ತೆರೇಸಳ ಹೆಸರೂ ಈ ಪುಟದಲ್ಲಿ ಬರುತ್ತದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಆಂಗ್ಲರ ಕಂಪನಿಯೊಡನೆ ಮುನಿದು ಹೊರಬಿದ್ದ ವಿಲಿಯಂ ಬೋಲ್ಟ್ಸ್ ಎಂಬವನು 1775ರಲ್ಲಿ ಆಕೆಯಿಂದ ಸನ್ನದು ಪಡೆದು ಹಡಗೇರಿ ಬಂದು, ಶ್ರೀರಂಗಪಟ್ಟಣದಲ್ಲಿ ಹೈದರಾಲಿಯನ್ನು ಕಂಡು, ಮಂಗಳೂರಿನಲ್ಲೂ ಕಾರವಾರದಲ್ಲೂ ಕೋಠಿಗಳನ್ನು ತೆರೆದನು. ಹೊನ್ನಾವರ ಕುಮಟೆಗಳ ಎರಡು ಮಗ್ಗುಲಲ್ಲೂ ವಿಯೆನ್ನಾದ ಬಾವುಟ! ಈ ಕಂಪನಿಯೂ ಹಣದ ಮುಗ್ಗಟ್ಟಿನಿಂದ 1785ರಲ್ಲಿ ದಿವಾಳಿ ಎದ್ದಿತು. ಆ ಮಹಾರಾಣಿಯ ನಾಣ್ಯದ ಯೋಗ ಮಾತ್ರ ಬೇರೆಯೇ ಬಗೆಯದು. ಆಕೆ ತೀರಿಕೊಂಡದ್ದು 1780ರಲ್ಲಿ. ಆದರೆ ಅರಬಸ್ತಾನದ ವರ್ತಕರು ಆಕೆಯ ಮುಖವಿಲ್ಲದ ಬೆಳ್ಳಿಯನ್ನು ನಂಬದೆ ಹೋದುದರಿಂದ, ಅದೇ ಮುದ್ರೆಯಿಂದ, 1780 ಎಂಬ ಅದೇ ಇಸವಿಯಿಂದ, ಆಕೆಯ ನಾಣ್ಯವನ್ನು ಅನಂತರದ ಕಾಲದಲ್ಲೂ ಅಚ್ಚುಹಾಕುತ್ತ ಬರಬೇಕಾಯಿತು. ಹೈದರನೂ ಇದೇ ಜಾಣತನವನ್ನು ತೋರಿದ್ದನು. 1763ರಲ್ಲಿ ಬಿದನೂರನ್ನು ಗೆದ್ದುಕೊಂಡ ಮೇಲೆ ಅವನು ಹೊರಡಿಸಿದ ಬಹಾದುರಿ ವರಾಹದ ಮೇಲೆ ಇಕ್ಕೇರಿಯ ವರಾಹದಲ್ಲಿದ್ದ ಶಿವಪಾರ್ವತಿಯರೇ ಕುಳಿತರು. ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವೊಂದನ್ನು ಒತ್ತಿಸಿ ಅವನು ಸುಮ್ಮನಾದನು. ಇದನ್ನು ಮತಸಹಿಷ್ಣುತೆಯೆಂದು ಕೊಂಡಾಡುವವರುಂಟು. ಇರಲಿ, ಅದಕ್ಕಿಂತ ಮೊದಲು ಇದು ವರ್ತಕನ ಬೆರಳಿಗೆ ಪರಿಚಯವಾದುದನ್ನು ಕೆಡಿಸಬಾರದೆಂಬ ವಿವೇಕ. ನಾಣ್ಯದ ಮೇಲಿರುವುದು ದೊರೆಯ ಅಧಿಕಾರವಲ್ಲ, ಕೊಳ್ಳುವವನ ನಂಬಿಕೆ ಎಂಬುದನ್ನು ಓದುಬರಹ ಅರಿಯದ ಆ ಸೈನಿಕನು ವರ್ಸೇಲ್ಸಿನ ಮಂತ್ರಿಗಳಿಗಿಂತ ಚೆನ್ನಾಗಿ ಬಲ್ಲವನಾಗಿದ್ದನು.

ಇನ್ನು ಹೊನ್ನಾವರ. ಶರಾವತಿಯ ಅಳಿವೆಯ ಈ ಪಟ್ಟಣದಲ್ಲಿ ಆಂಗ್ಲರ ಕಂಪನಿ ಮೆಣಸು ಶ್ರೀಗಂಧಗಳನ್ನು ಕೊಳ್ಳಲು ಕೋಠಿಯಿಟ್ಟಿತ್ತು. ಹೈದರನು ಇಲ್ಲಿ ಯುದ್ಧನೌಕೆಗಳನ್ನು ಕಟ್ಟಿಸುತ್ತಿದ್ದನು. ಅಮೆರಿಕದ ವಸಾಹತುಗಳ ಸ್ವಾತಂತ್ರ್ಯಕ್ಕಾಗಿ ಫ್ರಾನ್ಸು ಇಂಗ್ಲೆಂಡಿನೊಡನೆ ಕಾದಲು ತೊಡಗಿದಾಗ ಆ ಬೆಂಕಿಯ ಕಿಡಿ ಇಲ್ಲಿಗೂ ಹಾರಿತು. 1783ರ ಜನವರಿಯ ಮೊದಲ ವಾರದಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ಮುಂಬಯಿಯಿಂದ ಬಂದು ಹೊನ್ನಾವರದ ಕೋಟೆಯನ್ನು ಲಗ್ಗೆಹತ್ತಿ ಹಿಡಿಯಿತು. ಒಳಗಿದ್ದವರ ರಕ್ತ ಬಹಳವಾಗಿ ಹರಿಯಿತು. ಅಲ್ಲಿಂದ ಘಟ್ಟವೇರಿ ಬಿದನೂರನ್ನೂ ವಶಪಡಿಸಿಕೊಂಡ ಸೇನಾಪತಿಯು ಅಲ್ಲಿನ ಭಂಡಾರದ ಹಂಚಿಕೆಯ ವಿಷಯದಲ್ಲಿ ತನ್ನ ಅಧಿಕಾರಿಗಳೊಡನೆಯೇ ಕಚ್ಚಾಡತೊಡಗಿದನು. ಅಷ್ಟರಲ್ಲಿ ಟಿಪ್ಪು ಬಂದೆರಗಿದನು. ಬಿದನೂರು ಕೈಬಿಟ್ಟುಹೋಯಿತು. ಮಂಗಳೂರಿಗೂ ಹೊನ್ನಾವರಕ್ಕೂ ಮುತ್ತಿಗೆ ಬಿದ್ದಿತು.

ಹೊನ್ನಾವರದ ಮುತ್ತಿಗೆಯ ವೃತ್ತಾಂತವನ್ನು ಜೇಮ್ಸ್ ಫೋರ್ಬ್ಸನು 1813ರಲ್ಲಿ ಪ್ರಕಟಿಸಿದ ತನ್ನ ನೆನಪುಗಳ ಗ್ರಂಥದಲ್ಲಿ ಕೊಟ್ಟಿದ್ದಾನೆ. ಕ್ಯಾಪ್ಟನ್ ಟೋರಿಯಾನೊ ಎಂಬವನು ಕೋಟೆಯನ್ನು 1784ರ ವರೆಗೂ ಬಿಟ್ಟುಕೊಡದೆ ಹಿಡಿದುಕೊಂಡು ಕುಳಿತನು. ಹಸಿವೂ ರೋಗವೂ ಒಳಗಿದ್ದವರನ್ನು ಗುಂಡಿಗಿಂತ ಹೆಚ್ಚಾಗಿ ಕೊಂದುವು. ಇದನ್ನು ಆಂಗ್ಲರು ಶೌರ್ಯಕಥೆಯಾಗಿ ಓದಿದರು. ನಾವೂ ಬಹುಮಟ್ಟಿಗೆ ಹಾಗೆಯೇ ಓದುತ್ತೇವೆ. ಆದರೆ ಈ ಮುತ್ತಿಗೆಯ ತೀರ್ಮಾನವಾದುದು ಶರಾವತಿಯ ದಡದಲ್ಲಲ್ಲ. ಫ್ರಾನ್ಸಿನ ಬೊಕ್ಕಸ ಬರಿದಾಗಿತ್ತು. 1783ರ ಜನವರಿಯಲ್ಲಿಯೇ ವರ್ಸೇಲ್ಸಿನಲ್ಲಿ ಸಂಧಾನದ ಕರಡಿಗೆ ರುಜು ಬಿದ್ದಿತ್ತು. ಆ ಸುದ್ದಿ ಜೂನ್ ತಿಂಗಳ ಕೊನೆಗೆ ಭಾರತವನ್ನು ಮುಟ್ಟಿದೊಡನೆ ಬುಸ್ಸಿಯ ಆಜ್ಞೆಯಂತೆ ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ದಳ ಹಿಂದೆ ಸರಿಯಿತು. ಸುಲ್ತಾನನು ಒಂಟಿಯಾದನು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಹೊನ್ನಾವರ ಅವನಿಗೆ ಮರಳಿ ಬಂದಿತೆಂಬುದು ನಿಜ. ಮಿತ್ರನ ಜೇಬಿನಲ್ಲಿ ಏನಿದೆಯೆಂಬುದು ಮಾತ್ರ ಆಗಲೂ ಅವನಿಗೆ ತಿಳಿಯಲಿಲ್ಲ.

ತಿಳಿದಿದ್ದರೆ ತದಡಿಯ ಹಡಗುಗಳು ಹೊರಡುತ್ತಿದ್ದುವೋ ಇಲ್ಲವೋ. ಕುಮಟೆಯ ಬಳಿ ಅಘನಾಶಿನಿಯು ಕಡಲನ್ನು ಕೂಡುವೆಡೆಯಲ್ಲಿರುವ ಈ ಬಂದರದಿಂದ 1786ರ ಮಾರ್ಚ್ 9ರಂದು ಟಿಪ್ಪುವಿನ ರಾಯಭಾರವು ನಾಲ್ಕು ನೌಕೆಗಳಲ್ಲಿ ಹೊರಟಿತು. ಗುಲಾಮ್ ಅಲಿ ಖಾನನು ಅದರ ಮುಖ್ಯಸ್ಥ. ಜೊತೆಗೆ ಸುಮಾರು 900 ಜನ. ಮಸ್ಕತ್ತು ಬಸ್ರಾಗಳ ಮಾರ್ಗವಾಗಿ ತುರ್ಕಿಯ ಸುಲ್ತಾನನ ಆಸ್ಥಾನಕ್ಕೂ, ಅಲ್ಲಿಂದ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಗಬೇಕೆಂಬುದು ಮೊದಲಿನ ಯೋಚನೆ. ಹಡಗಿನ ಹೊಟ್ಟೆಯಲ್ಲಿ ತುಂಬಿದ್ದುದು ಕಾಣಿಕೆಗಳಷ್ಟೇ ಅಲ್ಲ, ಮಾರಾಟದ ಸರಕು ಕೂಡ. ದಾರಿಯಲ್ಲಿ ಮಾರಿ ಖರ್ಚನ್ನು ನೀಗಿಸಿಕೊಳ್ಳಬೇಕಾಗಿತ್ತು. ಬಸ್ರಾ ಬಂದರವನ್ನು ಇಜಾರೆಗೆ ಕೊಟ್ಟರೆ ಪ್ರತಿಯಾಗಿ ಮಂಗಳೂರಿನಲ್ಲಿ ತುರ್ಕರಿಗೆ ಅಂಥದೇ ಹಕ್ಕನ್ನು ಕೊಡುವೆನೆಂಬ ಪ್ರಸ್ತಾಪವೂ ಇತ್ತು. ಯೋಚನೆ ಸಣ್ಣದೇನಲ್ಲ. ಆದರೆ ಬೆಂಕಿ, ಬಿರುಗಾಳಿ, ಪ್ಲೇಗು, ಚಳಿ ಇವು ಆ 900 ಮಂದಿಯಲ್ಲಿ ಬಹುತೇಕ ಎಲ್ಲರನ್ನೂ ನುಂಗಿದುವು. ಖ್ವಾಜಾ ಅಬ್ದುಲ್ ಖಾದಿರನೆಂಬ ಕಾರ್ಯದರ್ಶಿ ಪಾರಸಿಯಲ್ಲಿ ಬರೆದಿಟ್ಟ ದಿನಚರಿಯು ಈ ಯಾತ್ರೆಗೆ ಸಾಕ್ಷಿಯಾಗಿ ಉಳಿದಿದೆ.

ಈ ರಾಯಭಾರ ತುರ್ಕಿಯಿಂದ ಮುಂದೆ ಸಾಗದಿರಲು, ಟಿಪ್ಪು 1787ರಲ್ಲಿ ಪಾಂಡಿಚೆರಿಯಿಂದ ನೇರವಾಗಿ ಫ್ರಾನ್ಸಿಗೇ ಮೂವರನ್ನು ಕಳುಹಿಸಿದನು: ದರವೇಶ್ ಖಾನ್, ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್. ಇವರು 1788ರ ಜೂನಿನಲ್ಲಿ ತೂಲೋನಿನಲ್ಲಿ ಇಳಿದಾಗ ಜನ ಹಿಂಡುಗಟ್ಟಿ ನೋಡಿದರು. ಮಸ್ಲಿನ್ ಉಡುಪಿನ ದರವೇಶ್ ಖಾನನ ಚಿತ್ರವನ್ನು ರಾಣಿಯ ಚಿತ್ರಗಾರ್ತಿ ವಿಜೀ ಲೆ ಬ್ರಾಂ ಬರೆದಳು. ಸೇವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟರು. ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯ ದರ್ಶನ. ಬೇಡಿಕೆ ಎರಡು ಬಗೆಯದು: ಆಂಗ್ಲರ ವಿರುದ್ಧ ಸಾವಿರಗಟ್ಟಲೆ ಸೈನಿಕರು, ಮತ್ತೆ ಬಂದೂಕು, ಗಡಿಯಾರ, ಪಿಂಗಾಣಿಗಳನ್ನು ಮಾಡಬಲ್ಲ ಕುಶಲಕರ್ಮಿಗಳು, ಬೀಜಗಳು, ತೋಟಗಾರರು.

ಆ ದರ್ಶನಕ್ಕೆ ಎರಡು ದಿನ ಮೊದಲು, ಆಗಸ್ಟ್ 8ರಂದು, ಬೇರೆ ದಾರಿ ಕಾಣದ ಮಂತ್ರಿ ಬ್ರಿಯೆನ್ ಮುಂದಿನ ವರ್ಷ ರಾಷ್ಟ್ರಸಭೆ ಸೇರುವುದೆಂದು ಘೋಷಿಸಿದ್ದನು. ದರ್ಶನದ ಆರು ದಿನಗಳ ಮೇಲೆ, ಆಗಸ್ಟ್ 16ರಂದು, ಫ್ರಾನ್ಸಿನ ಸರ್ಕಾರ ತನ್ನ ಸಾಲಿಗರಿಗೆ ನಗದು ಪಾವತಿಯನ್ನು ತಡೆಹಿಡಿಯಿತು. ಅಂದರೆ ನಮ್ಮ ರಾಯಭಾರಿಗಳು ಬಾಗಿ ನಮಿಸಿದುದು ದಿವಾಳಿಯ ಹೊಸ್ತಿಲಲ್ಲಿ ನಿಂತ ದೊರೆಗೆ. ಆ ವರ್ಷ ಫ್ರಾನ್ಸಿನ ವೆಚ್ಚ ಸುಮಾರು 63 ಕೋಟಿ ಲಿವ್ರ್. ಅದರಲ್ಲಿ ಅರ್ಧದಷ್ಟು ಸಾಲದ ಬಡ್ಡಿಗೇ ಹೋಗುತ್ತಿತ್ತು. ರಾಣಿಯ ಒಡವೆ, ಅರಮನೆಯ ವಿಲಾಸಗಳೇ ದೇಶವನ್ನು ಮುಳುಗಿಸಿದುವೆಂಬ ಲೋಕಪ್ರಸಿದ್ಧವಾದ ಮಾತನ್ನು ಅಂಕಿಗಳು ಒಪ್ಪುವುದಿಲ್ಲ; ಆಸ್ಥಾನದ ಖರ್ಚು ನೂರಕ್ಕೆ ಆರರಷ್ಟು ಮಾತ್ರ. ಮುಳುಗಿಸಿದ್ದು ಅಮೆರಿಕದ ಯುದ್ಧ, ಅದಕ್ಕೆ ತಂದ 100 ಕೋಟಿ ಲಿವ್ರಿಗೂ ಮಿಕ್ಕ ಸಾಲ. ಮಂತ್ರಿ ನೆಕ್ಕರನು 1781ರಲ್ಲಿ ಲೆಕ್ಕಪತ್ರವೊಂದನ್ನು ಅಚ್ಚುಮಾಡಿಸಿ, ಒಂದು ಕೋಟಿ ಲಿವ್ರ್ ಉಳಿತಾಯವಿದೆಯೆಂದು ತೋರಿಸಿದ್ದನು. ಯುದ್ಧದ ವಿಶೇಷ ವೆಚ್ಚವನ್ನೇ ಅದರಲ್ಲಿ ಬಿಟ್ಟಿದ್ದನು! ಹಾಗೆಂದು ಇಂಗ್ಲೆಂಡಿಗೆ ಸಾಲವಿರಲಿಲ್ಲವೆ? ಯುದ್ಧ ಮುಗಿದಾಗ ಅದರ ಹೆಗಲ ಮೇಲೆ ಸುಮಾರು 24 ಕೋಟಿ ಪೌಂಡುಗಳಿದ್ದುವು. ಆದರೆ ಪಾರ್ಲಿಮೆಂಟಿನ ಮಾತಿಗೆ ಜನ ಕಡಿಮೆ ಬಡ್ಡಿಗೆ ಹಣ ಕೊಟ್ಟರು, ದೊರೆಯ ಮಾತಿಗೆ ಕೊಡಲಿಲ್ಲ. ಶ್ರೀರಂಗಪಟ್ಟಣದ ಮುಂದೆ ನಿಂತ ಆಂಗ್ಲ ಫಿರಂಗಿಗಳನ್ನು ಎಳೆತಂದ ಎತ್ತುಗಳಲ್ಲಿ ಈ ಕಡಿಮೆ ಬಡ್ಡಿಯೂ ಒಂದೆತ್ತು.

ಲೂಯಿ ದೊರೆ ಸೈನ್ಯವನ್ನು ಕಳುಹಿಸಲಿಲ್ಲ. ಅಷ್ಟೇ ಅಲ್ಲ, ಮಿತವ್ಯಯಕ್ಕಾಗಿ ಪಾಂಡಿಚೆರಿಯಲ್ಲಿದ್ದ ದಂಡನ್ನೂ 1789ರಲ್ಲಿ ತೆಗೆದುಬಿಟ್ಟರು. ದರವೇಶ್ ಖಾನನ ಚಿತ್ರವನ್ನು ಪ್ಯಾರಿಸಿನ ಪ್ರದರ್ಶನದಲ್ಲಿ ಜನ ನೋಡುವಾಗ ಬಾಸ್ಟೀಲ್ ಬಿದ್ದಾಗಿತ್ತು.

ಟಿಪ್ಪುವಿನ ಪಕ್ಷವನ್ನೂ ಹೇಳಬೇಕು. ಕಂಪನಿಯ ಬಲವಿರುವುದು ವ್ಯಾಪಾರದಲ್ಲಿ ಎಂಬುದನ್ನು ಅವನಷ್ಟು ಸ್ಪಷ್ಟವಾಗಿ ಕಂಡ ದೊರೆ ಆಗ ನಮ್ಮ ದೇಶದಲ್ಲಿರಲಿಲ್ಲ. ಮೆಣಸು, ಶ್ರೀಗಂಧ, ಏಲಕ್ಕಿಗಳನ್ನು ಆಂಗ್ಲರಿಗೆ ಮಾರಕೂಡದೆಂದು ತಡೆದನು. ಮಸ್ಕತ್ತಿನಲ್ಲೂ ಕಚ್ಛದಲ್ಲೂ ತನ್ನ ಕೋಠಿಗಳನ್ನು ಇಟ್ಟನು. 1796ರಲ್ಲಿ ಈ ತೀರಕ್ಕಾಗಿ ದೊಡ್ಡ ನೌಕಾಪಡೆಯೊಂದನ್ನು ಕಟ್ಟಲು ಆಜ್ಞೆ ಹೊರಡಿಸಿದನು. ಆದರೆ ದೊರೆಯೇ ವರ್ತಕನಾದಾಗ ಊರಿನ ವರ್ತಕನಿಗೆ ಉಳಿಯುವುದೇನು? ಭಟ್ಕಳದ ನವಾಯತರೂ ಕರಾವಳಿಯ ಕೊಂಕಣಿ ಮನೆತನಗಳೂ ತಲೆಮಾರುಗಳಿಂದ ಗಳಿಸಿದ್ದ ಪತ್ತು ಒಂದು ಆಜ್ಞೆಯಿಂದ ಸರ್ಕಾರದ ಉಗ್ರಾಣಕ್ಕೆ ಬರುವಂಥ ವಸ್ತುವಲ್ಲ. ತಂದೆಯು ಇಕ್ಕೇರಿಯ ನಾಣ್ಯವನ್ನು ಮುಟ್ಟದೆ ಬಿಟ್ಟುದರ ಅರ್ಥ ಮಗನಿಗೆ ಪೂರ್ತಿಯಾಗಿ ಹೊಳೆಯಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಟಿಪ್ಪು ಮಡಿದು, ಕನ್ನಡ ಜಿಲ್ಲೆ ಕಂಪನಿಯ ವಶವಾದ ಮೇಲೆ, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಬಂದನು. ಅವನು ಕಂಪನಿಯ ಉಪ್ಪನ್ನು ಉಂಡವನು. ಸುಲ್ತಾನನ ಬಗೆಗೆ ಅವನಾಡುವ ಮಾತನ್ನು ಜರಡಿ ಹಿಡಿದೇ ಓದಬೇಕು. ಆದರೂ ಕಣ್ಣಿನಿಂದ ಕಂಡುದನ್ನು ಬರೆಯುವುದರಲ್ಲಿ ಅವನು ಶ್ರದ್ಧಾವಂತ. ಭಟ್ಕಳದಲ್ಲಿ ಅವನು ಸುಮಾರು 500 ಮನೆಗಳನ್ನೂ ಎರಡು ಮಸೀದಿಗಳನ್ನೂ ಕಂಡನು. ಹೊನ್ನಾವರದಲ್ಲಿ ಹೆಚ್ಚೇನೂ ಕಾಣಲಿಲ್ಲ. ಒಪ್ಪಂದದಿಂದ ಮರಳಿ ಪಡೆದ ಪಟ್ಟಣವು ಮತ್ತೆ ಶತ್ರುವಿಗೆ ನೆಲೆಯಾಗಬಾರದೆಂದೋ ಏನೋ, ಟಿಪ್ಪು ಅದನ್ನು ಪೂರ್ತಿಯಾಗಿ ಕೆಡವಿಸಿಬಿಟ್ಟಿದ್ದನೆಂದು ಬುಕಾನನ್ ಬರೆಯುತ್ತಾನೆ. ಕೋಟೆಯನ್ನು ಗೆದ್ದ ಆಂಗ್ಲರು ಮುಳುಗಿಸಿದ್ದ ಹೈದರನ ನೌಕೆಗಳ ಎಲುಬುಗೂಡುಗಳು ಆಗಲೂ ಶರಾವತಿಯ ನೀರಿನಲ್ಲಿದ್ದುವು.

ಫೋರ್ಬ್ಸನ ಮುತ್ತಿಗೆಯ ವೃತ್ತಾಂತವೂ ಅಬ್ದುಲ್ ಖಾದಿರನ ದಿನಚರಿಯೂ ಬುಕಾನನನ ಈ ಪುಟಗಳೂ ಒಂದೇ ಸಂಪುಟದಲ್ಲಿ, ಟಿಪ್ಪಣಿ ಸಹಿತವಾಗಿ, ಹೊನ್ನಾವರ ಕುಮಟೆಗಳ ಕಾಲೇಜು ವಿದ್ಯಾರ್ಥಿಗಳ ಕೈಗೆ ಕನ್ನಡದಲ್ಲಿ ಸಿಗಬೇಕು. ಅದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಈ ಊರುಗಳ ಹಳೆಯ ವಖಾರಿಗಳ ಅಟ್ಟದ ಮೇಲೆ, ದೇವಸ್ಥಾನ ಮಸೀದಿಗಳ ಪೆಟ್ಟಿಗೆಗಳಲ್ಲಿ ಕಿರ್ದಿ ಖಾತೆಯ ಕಟ್ಟುಗಳು ಯಾರಲ್ಲಾದರೂ ಉಳಿದಿದ್ದರೆ, ಗೆದ್ದಲು ಓದುವ ಮೊದಲು ಅವನ್ನು ಬಿಚ್ಚಿ ನೋಡುವವರು ಬೇಕು. ಮೆಣಸಿನ ಖಂಡಿಗೆ ಯಾವ ವರ್ಷ ಎಷ್ಟು ವರಾಹವಿತ್ತು, ಕೋಠಿಯವರು ಯಾರಿಗೆ ಮುಂಗಡ ಕೊಟ್ಟರು, ಯಾರ ಬಾಕಿ ಮುಳುಗಿತು ಎಂಬುದನ್ನು ವರ್ಸೇಲ್ಸಿನ ಕಾಗದಪತ್ರಗಳು ಹೇಳಲಾರವು.