ನೂರಕ್ಕೆ ಮೂರು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಹಾಸಿಗೆಯೇ ಮೊಳದುದ್ದವಿದ್ದವನು ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ತಾಯಿಯ ಶಸ್ತ್ರಚಿಕಿತ್ಸೆ, ಮಗನ ಕಾಲೇಜಿನ ಶುಲ್ಕ, ಮಳೆ ಬಿದ್ದೊಡನೆ ಬೇಕಾಗುವ ಬಿತ್ತನೆಬೀಜ ಇವು ಸಂಬಳದ ದಿನವನ್ನು ಕಾದು ಬರತಕ್ಕವಲ್ಲ. ಸಾಲವೇ ಕೂಡದೆಂದು ಬೋಧಿಸುವುದು ಉಳ್ಳವರಿಗೆ ಸುಲಭ. ಇಲ್ಲದವನಿಗೆ ಬೇಕಾದುದು ಬೋಧೆಯಲ್ಲ, ಲೆಕ್ಕ.

ಆ ಲೆಕ್ಕ ಕಣ್ಣಿಗೆ ಮಣ್ಣೆರಚುವುದು ಮೊದಲ ಮಾತಿನಲ್ಲಿಯೇ. “ನೂರಕ್ಕೆ ಮೂರು, ಹೆಚ್ಚೇನಲ್ಲ” ಎನ್ನುತ್ತಾನೆ ಸಾಹುಕಾರ. ಅದು ತಿಂಗಳಿನ ಮಾತು. ವರ್ಷಕ್ಕೆ ನೂರಕ್ಕೆ 36 ಆಯಿತು. ಬ್ಯಾಂಕಿನವರು ವರ್ಷದ ಲೆಕ್ಕದಲ್ಲಿ 12 ಎಂದಾಗ ಹೌಹಾರುವ ಮನುಷ್ಯನೇ ಈ ಮೂರಕ್ಕೆ ತಲೆಯಾಡಿಸಿ ಬರುತ್ತಾನೆ! 50,000 ರೂಪಾಯಿ ತಂದವನು ತಿಂಗಳಿಗೆ 1,500ರಂತೆ ತಪ್ಪದೆ ಬಡ್ಡಿ ಕಟ್ಟಿದರೆ, 34 ತಿಂಗಳು ತುಂಬುವಾಗ 51,000 ರೂಪಾಯಿ ಕೊಟ್ಟಿರುತ್ತಾನೆ. ಅಸಲಿನಲ್ಲಿ ಒಂದು ಕಾಸೂ ಇಳಿದಿರುವುದಿಲ್ಲ. ಏನನ್ನೂ ಕಟ್ಟದೆ ಚಕ್ರಬಡ್ಡಿಗೆ ಬಿಟ್ಟರಂತೂ ಎರಡೇ ವರ್ಷಗಳಲ್ಲಿ ಸಾಲ ಇಮ್ಮಡಿ. ಬಾಕಿ ನಿಂತ ಬಡ್ಡಿ ಅಸಲನ್ನು ಮೀರಕೂಡದೆಂಬ ‘ದಾಮದುಪ್ಪಟ್ಟು’ ಎಂಬ ಕಟ್ಟಳೆ ಹಿಂದೂ ಧರ್ಮಶಾಸ್ತ್ರದಲ್ಲುಂಟು. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಅದನ್ನು ಮನ್ನಿಸಿದುವು. ವಿಚಿತ್ರವೆಂದರೆ, ತಿಂಗಳು ತಿಂಗಳೂ ಬಡ್ಡಿ ಸಲ್ಲಿಸಿದ ಪ್ರಾಮಾಣಿಕನಿಗೆ ಅದರಿಂದ ಆಸರೆಯಿಲ್ಲ. ಬಾಕಿಯನ್ನೇ ಉಳಿಸದವನಿಗೆ ಬಾಕಿಯ ಮಿತಿಯಿಂದೇನು ಪ್ರಯೋಜನ?

ಇಂದಿನ ಸಾಹುಕಾರ ಕಿಸೆಯಲ್ಲಿಯೇ ಕುಳಿತಿರುವುದೂ ಉಂಟು. ಗಡುವಿನೊಳಗೆ ಪೂರ್ಣ ಹಣ ಸಲ್ಲದಿದ್ದರೆ ಅನೇಕ ಕ್ರೆಡಿಟ್ ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರನ್ನೂ ಮೀರುತ್ತದೆ. ಕಂತಿನ ವ್ಯಾಪಾರದ ಜಾಣತನ ಬೇರೆ. 12,000 ರೂಪಾಯಿಗೆ ನೂರಕ್ಕೆ 12ರಂತೆ ವರ್ಷದ ಬಡ್ಡಿ 1,440ನ್ನು ಮೊದಲೇ ಕೂಡಿಸಿ, 1,120ರ ಹನ್ನೆರಡು ಕಂತು ಮಾಡುತ್ತಾರೆ. ಆದರೆ ಅಸಲು ಪ್ರತಿ ತಿಂಗಳೂ ಕರಗುತ್ತಿರುತ್ತದೆ. ಬಡ್ಡಿ ಮಾತ್ರ ಪೂರ್ಣ ಮೊತ್ತದ ಮೇಲೆಯೇ. ನಿಜವಾದ ದರ ಸುಮಾರು 21.

ದರಕ್ಕಿಂತಲೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದು: ಹಣ ಏತಕ್ಕೆ? ಒಡವೆ ಅಡವಿಗೆ ಬಂದರೆ ಸಾಹುಕಾರನಿಗೆ ಆ ಗೊಡವೆಯಿಲ್ಲ. ಎಮ್ಮೆಗೆಂದು ತಂದ ಸಾಲವನ್ನು ಹಾಲು ತೀರಿಸೀತು. ಮದುವೆಯ ಮೆರವಣಿಗೆಗೆಂದು ತಂದುದನ್ನು ಮದುಮಗಳ ತಮ್ಮ ಶಾಲೆ ಬಿಟ್ಟು ತೀರಿಸಬೇಕಾದೀತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಹಕಾರ ಸಂಘ ಹುಟ್ಟಿತು. 1904ರ ಕಾಯಿದೆಯಂತೆ ಗ್ರಾಮಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ; ಒಬ್ಬ ಮುಳುಗಿದರೆ ಉಳಿದವರ ಹೊಲಮನೆಗೂ ಕುತ್ತು. ಅಂಥ ಕಡೆ ನೆರೆಯವನು “ಏತಕ್ಕಪ್ಪಾ ಹಣ?” ಎಂದು ಕೇಳದೆ ಇದ್ದಾನೆಯೆ? ಆ ಪ್ರಶ್ನೆಯಿಂದ ಮುಖ ಕೆಂಪೇರಬಹುದು, ಮನೆ ಉಳಿದೀತು.

ಈಗ ಹಾಗೆ ಕೇಳುವ ನೆರೆಯವರಿಲ್ಲ, ಒಂದು ಕಾಗದವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಜನಸಾಮಾನ್ಯರಿಗೆ ಹೊಸ ಸಾಲ ಕೊಡುವ ಮೊದಲು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಕಾರ್ಡಿನ ಸಾಲಕ್ಕೆ ಇದು ಅನ್ವಯಿಸದು. ಬಡ್ಡಿಯೊಡನೆ ಇತರ ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳಲು ಸಂಕೋಚವೇಕೆ? ಏಳು ದಿನಕ್ಕೆ ಕಡಿಮೆಯಿಲ್ಲದ ಅವಧಿಯ ಸಾಲವಾದರೆ, ಅದರಲ್ಲಿ ಹೇಳಿದ ಷರತ್ತುಗಳಿಗೆ ಕನಿಷ್ಠ ಮೂರು ಕೆಲಸದ ದಿನಗಳವರೆಗೆ ಕೊಡುವವರು ಬದ್ಧರು. ಅಷ್ಟರಲ್ಲಿ ಅದನ್ನು ಮನೆಗೊಯ್ದು, ಸಂಸಾರದ ಖರ್ಚು ತೂಗಿಸುವ ಹೆಂಡತಿಯ ಮುಂದೆ ಒಮ್ಮೆ ಗಟ್ಟಿಯಾಗಿ ಓದಬಹುದು.