ಶೀಟ್ಸಾ, ಎಕ್ಸೆಲ್ಲಾ? ಯಾರ ಲೆಕ್ಕ ಅಂತ ಮೊದಲು ನೋಡಿ

"ಗೂಗಲ್ ಶೀಟ್ಸ್ ಮಕ್ಕಳಾಟ, ಎಕ್ಸೆಲ್ಲೇ ಅಸಲಿ" ಅಂತ ಕ್ಲಾಸಲ್ಲಿ ಜೋರಾಗಿ ಹೇಳೋರ ಮನೇಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಇರುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರೋದು ಫೋನ್ ಒಂದೇ. ಅದರಲ್ಲಿ ಶೀಟ್ಸ್ ಪುಕ್ಕಟೆ, ಸೇವ್ ಮಾಡೋ ಚಿಂತೆನೂ ಇಲ್ಲ. ಅಲ್ಲಿಂದ ಶುರು ಮಾಡಿದ್ರೆ ಯಾರೂ ಚಿಕ್ಕೋರಾಗಲ್ಲ.

ಹೌದು, ಹೊಸಕೋಟೆ, ನೆಲಮಂಗಲದ ಗೋಡೌನ್‌ಗಳಿಗೋ ದೇವನಹಳ್ಳಿ ಏರ್‌ಪೋರ್ಟ್ ಸುತ್ತಿನ ಆಫೀಸುಗಳಿಗೋ ಕೆಲಸ ಕೇಳ್ಕೊಂಡು ಹೋದ್ರೆ "ಎಕ್ಸೆಲ್ ಬರುತ್ತಾ?" ಅಂತಾರೆ. ಹೆದರಬೇಡಿ. ಸಮ್‌ಇಫ್, ವಿಲುಕಪ್ ಎರಡರಲ್ಲೂ ಒಂದೇ ಥರ ಬರೆಯೋದು. ಎಕ್ಸ್‌ಲುಕಪ್ ಒಂದನ್ನೇ ನಂಬ್ಕೊಂಡು ಹೋಗ್ಬೇಡಿ. 2016, 2019ರ ಎಕ್ಸೆಲ್‌ನಲ್ಲಿ ಅದಿಲ್ಲ. ಪಿವಟ್ ಟೇಬಲ್ ಮಾತ್ರ ಲ್ಯಾಬಲ್ಲಿ ಕೂತು ಎಕ್ಸೆಲ್‌ನಲ್ಲೇ ಮಾಡಿ ನೋಡಿ, ಮೆನು ಕೈಗೆ ಅಭ್ಯಾಸ ಆಗ್ಬೇಕು.

ನಾನು ನಿಜವಾಗಿ ಹೇಳ್ಬೇಕು ಅಂತಿದ್ದದ್ದು ಮಗ್ಗದ ಲೆಕ್ಕದ ಬಗ್ಗೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇರೋ ಮನೆಗಳಲ್ಲಿ ನೇಯ್ದ ಸೀರೆ ಎಷ್ಟು, ಯಾರಿಗೆ ಕೂಲಿ ಎಷ್ಟು, ಯಾರ ಮುಂಗಡ ಎಷ್ಟು ಬಾಕಿ ಅನ್ನೋದೆಲ್ಲ ಅಪ್ಪನ ನೋಟ್‌ಬುಕ್ಕಲ್ಲಿರುತ್ತೆ. ಅದನ್ನ ಕಂಪ್ಯೂಟರಿಗೆ ಹಾಕೋ ಕೆಲಸ ಓದಿದ ಮಗ, ಮಗಳ ತಲೆಗೇ ಬರೋದು. ದಯವಿಟ್ಟು ಅದನ್ನ ಲಿಂಕ್ ಮಾಡಿ ಹಂಚಬೇಡಿ. "ಲಿಂಕ್ ಇರುವ ಯಾರಾದರೂ" ಅನ್ನೋ ಆಯ್ಕೆ ಒತ್ತಿಬಿಟ್ರೆ, ಆ ಲಿಂಕ್ ಯಾವ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತೋ ನಿಮಗೆ ಗೊತ್ತಾಗಲ್ಲ. ನಿಮ್ಮ ಮಗ್ಗದಲ್ಲಿ ದುಡಿಯೋ ಅಣ್ಣ ಮಗಳ ಮದುವೆಗೆ ತಗೊಂಡ ಸಾಲ ಊರವರು ಓದೋ ವಿಷಯ ಅಲ್ಲ.

ಅದಕ್ಕೆ ಡೆಸ್ಕ್‌ಟಾಪೇ ಸರಿ. ಎಕ್ಸೆಲ್ಲಿಗೆ ದುಡ್ಡಿಲ್ಲ ಅಂತ ಕ್ರ್ಯಾಕ್ ಕಾಪಿ ಹಾಕಿ ವೈರಸ್ ಕರ್ಕೊಂಡು ಬರಬೇಡಿ, ಲಿಬ್ರೆಆಫೀಸ್ ಕ್ಯಾಲ್ಕ್ ಇದೆ. ಕಾಸಿಲ್ಲ, ನೆಟ್ ಬೇಡ, ಎಕ್ಸೆಲ್ ಫೈಲೂ ತೆರೆಯುತ್ತೆ. ಫೈಲಿಗೆ ಪಾಸ್‌ವರ್ಡ್ ಹಾಕಿ. ವಾರಕ್ಕೊಂದ್ಸಲ ಪೆನ್‌ಡ್ರೈವ್‌ಗೆ ಒಂದು ಪ್ರತಿ, ಯಾಕಂದ್ರೆ ಹಾರ್ಡ್‌ಡಿಸ್ಕ್ ಹೇಳಿ ಕೇಳಿ ಕೈಕೊಡಲ್ಲ.

ಇನ್ನೊಂದು ಮಾತು. ಹಳೇ ಫೈಲ್ ನುಡಿಯ ಹಳೇ ಫಾಂಟಲ್ಲಿ ಟೈಪ್ ಆಗಿದ್ರೆ, ಶೀಟ್ಸಿಗೆ ಹಾಕಿದ ತಕ್ಷಣ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತೆ. ಫೈಲ್ ಕೆಟ್ಟಿಲ್ಲ, ಡಿಲೀಟ್ ಮಾಡ್ಬೇಡಿ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ್ದವು ಅಷ್ಟೇ. ಮೊದಲು ಯೂನಿಕೋಡ್‌ಗೆ ಬದಲಿಸ್ಕೊಳ್ಳಿ.

ಟ್ರಿಪ್ ಖರ್ಚು, ಫೆಸ್ಟ್ ವಸೂಲಿಗೆ ಮಾತ್ರ ಶೀಟ್ಸನ್ನ ಮೀರಿಸೋದು ಇಲ್ಲ. ಯಾರು ಯಾವತ್ತು ಯಾವ ಸಂಖ್ಯೆ ತಿದ್ದಿದ್ರು ಅಂತ ವರ್ಷನ್ ಹಿಸ್ಟರಿ ತೋರಿಸುತ್ತೆ. ಖಜಾಂಚಿ ಆಗಿರೋರು ಅದನ್ನ ಇವತ್ತೇ ಒಂದ್ಸಲ ತೆರೆದು ನೋಡಿ. 😄